ಶಾಸನದ ಪುಟಕ್ಕೊಂದು ವಿಳಾಸ: ಸಾಲುಸಾಲಿನ ವ್ಯಾಖ್ಯಾನ

ತಗಡೂರಿನ ಆಸುಪಾಸಿನ ಶಾಸನಗಳನ್ನು ಹುಡುಕುವವರು ಮೊದಲು ತೆರೆಯುವುದು ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 3ನೇ ಸಂಪುಟ (1894). ನಂಜನಗೂಡು, ತಿರುಮಕೂಡಲು ನರಸೀಪುರ ಎರಡು ತಾಲ್ಲೂಕೂ ಅದರಲ್ಲಿವೆ. ಎಪಿಗ್ರಾಫಿಯಾ ಸಂಪುಟಗಳ ಸ್ಕ್ಯಾನ್ ಪ್ರತಿಗಳು ಇಂಟರ್ನೆಟ್ ಆರ್ಕೈವ್‌ನಲ್ಲಿವೆ. ಅಂಥ ಪುಟದ ಒಂದೇ ಒಂದು ಸಾಲನ್ನು ತೋರಿಸಿ, ಅದಕ್ಕೆ ಟಿಪ್ಪಣಿ ಹಚ್ಚುವ ಸೂತ್ರ ಇಲ್ಲಿದೆ. ಗ್ರಂಥಾಲಯಗಳು ಒಪ್ಪಿಕೊಂಡಿರುವ ಟ್ರಿಪಲ್ ಐ ಎಫ್ ಕಟ್ಟಳೆಯ ಪ್ರಕಾರ ಬರೆದದ್ದು. ಯಂತ್ರಕ್ಕೆ ರೋಮನ್ ಲಿಪಿಯೇ ಬೇಕು; ಓದಿಗೆಂದು ಕನ್ನಡಕ್ಕಿಳಿಸಿದ್ದೇನೆ. ಅಂಕಿಗಳು ಮಾದರಿಗೆ ಮಾತ್ರ.

/ಪುಟದ ಗುರುತು/

ಯಾವ ಪುಟ ಎಂಬುದಷ್ಟೆ. ಚಿತ್ರ ತನ್ನ ಗ್ರಂಥಾಲಯದಲ್ಲೇ ಉಳಿಯುತ್ತದೆ, ನಕಲು ಇಳಿಸಿಕೊಳ್ಳುವ ಕೆಲಸವಿಲ್ಲ.

/400,900,1600,120/

ಎಡದಿಂದ 400, ಮೇಲಿನಿಂದ 900 ಚುಕ್ಕಿ ಬಿಟ್ಟು, 1600 ಅಗಲ, 120 ಎತ್ತರದ ಪಟ್ಟಿ. ಹೊಲಕ್ಕೆ ಸರ್ವೆ ನಂಬರಿದ್ದ ಹಾಗೆ ಪುಟದೊಳಗಿನ ಸಾಲಿಗೂ ನಂಬರು ಸಿಕ್ಕಿತು. ಚಿತ್ರ ಹಿಗ್ಗಿಸಿ ನೋಡುವುದನ್ನೇ ಜನ ಮೆಚ್ಚುತ್ತಾರೆ. ನನಗೆ ಅದಕ್ಕಿಂತ ಈ ನಾಲ್ಕು ಅಂಕಿ ದೊಡ್ಡದು.

/800,/

ಅಗಲ 800ಕ್ಕೆ ಇಳಿಸು ಎಂದರ್ಥ. ಅಲ್ಪವಿರಾಮದ ಮುಂದೆ ಏನೂ ಇಲ್ಲದಿರುವುದು ತಪ್ಪಲ್ಲ, ಎತ್ತರವನ್ನು ಯಂತ್ರವೇ ಹೊಂದಿಸಿಕೊಳ್ಳುತ್ತದೆ.

/0/

ತಿರುಗಿಸಬೇಡ. ಇಲ್ಲೇ 0ಗೆ ಮೊದಲು ಆಶ್ಚರ್ಯಸೂಚಕ ಚಿಹ್ನೆ ಇಟ್ಟರೆ ಚಿತ್ರ ಎಡಬಲ ಮಗುಚುತ್ತದೆ. ಅಚ್ಚಿನ ಪುಸ್ತಕಕ್ಕೆ ಬೇಡದ ಸೌಲಭ್ಯ. ಆದರೆ ಕಲ್ಲಿನ ಪಡಿಯಚ್ಚನ್ನು ಹಿಂಬದಿಯಿಂದ ಫೋಟೊ ತೆಗೆದಿದ್ದರೆ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಇರುತ್ತವೆ. ಆಗ ಈ ಒಂದು ಚಿಹ್ನೆ ಸಾಕು.

/ಗ್ರೇ.ಜೆಪಿಜಿ

ಬೂದು ಛಾಯೆ. ಬರೀ ಕಪ್ಪು-ಬಿಳುಪು ಕೇಳಬಹುದು, ಆದರೆ ಸವೆದ ಗೆರೆಗಳು ಅದರಲ್ಲಿ ಮಾಯವಾಗುತ್ತವೆ. ಶಾಸನದ ಕೆಲಸದಲ್ಲಿ ಬೂದೇ ಲೇಸು.

ಟಾರ್ಗೆಟ್: ಈ ಪುಟದ ಕ್ಯಾನ್ವಾಸ್, 400,900,1600,120

ಇಲ್ಲಿಂದ ಟಿಪ್ಪಣಿಯ ಭಾಗ. ಮತ್ತದೇ ಅಂಕಿಗಳು, ಆದರೆ ಅಳತೆ ಚಿತ್ರದ್ದಲ್ಲ, ಕ್ಯಾನ್ವಾಸಿನದು. ಕ್ಯಾನ್ವಾಸ್ ಎಂದರೆ ಚಿತ್ರವನ್ನು ಕೂರಿಸಿದ ಖಾಲಿ ಚೌಕಟ್ಟು. ನಾಳೆ ಗ್ರಂಥಾಲಯ ಇದೇ ಪುಟವನ್ನು ಇನ್ನೂ ಸ್ಪಷ್ಟವಾಗಿ ಸ್ಕ್ಯಾನ್ ಮಾಡಿ ಅದೇ ಚೌಕಟ್ಟಿನಲ್ಲಿ ಸರಿಯಾಗಿ ಕೂರಿಸಿದರೆ ಟಿಪ್ಪಣಿ ಅದೇ ಸಾಲಿಗೆ ಅಂಟಿಕೊಂಡಿರುತ್ತದೆ.

ಬಾಡಿ: "ಈ ಕಟ್ಟೆ ಈಗ ಹೊಲವಾಗಿದೆ." ಭಾಷೆ: ಕನ್ನಡ

ದಾನಶಾಸನಗಳಲ್ಲಿ ಮೂಡಣ, ತೆಂಕಣ, ಪಡುವಣ, ಬಡಗಣ ಎಲ್ಲೆಗಳು ಬರುತ್ತವೆ: ಒಂದು ಕೆರೆ, ಒಂದು ಹುತ್ತ, ನೆಟ್ಟ ಕಲ್ಲು, ಪಕ್ಕದೂರಿನ ದಾರಿ. ಅವು ಎಲ್ಲಿ ಎಂದು ಹೇಳಬಲ್ಲವರು ಅಲ್ಲಿ ಉತ್ತು ಬಿತ್ತಿದವರು, ದನ ಮೇಯಿಸಿದವರು. ರೈಸ್ ಅವರ ಕಾಲದಲ್ಲಿ ಅಂಥ ತಿಳಿವಳಿಕೆಗೆ ಪುಟದ ಅಂಚಿನಲ್ಲಿ ಜಾಗವಿರಲಿಲ್ಲ. ಈಗ ತಗಡೂರಿನವರೊಬ್ಬರು ಪುಸ್ತಕವನ್ನು ಮುಟ್ಟದೆ, ಯಾರ ಅಪ್ಪಣೆಗೂ ಕಾಯದೆ ಇದನ್ನು ಬರೆದಿಡಬಹುದು. ತಪ್ಪಾಗಿ ಬರೆದಾರು ಎಂಬ ಆತಂಕ ವಿದ್ವಾಂಸರಿಗೆ ಇದ್ದೇ ಇದೆ. ಇರಲಿ, ತಪ್ಪಿನ ಪಕ್ಕದಲ್ಲೇ ತಿದ್ದುಪಡಿಯನ್ನೂ ಹಚ್ಚಬಹುದಲ್ಲ.

ನೋಡುವ ಕಿಟಕಿ: ಮಿರಾಡೋರ್

ಸ್ಟ್ಯಾನ್‌ಫರ್ಡ್, ಹಾರ್ವರ್ಡ್ ವಿಶ್ವವಿದ್ಯಾಲಯಗಳಲ್ಲಿ ಬೆಳೆದ ಮುಕ್ತ ತಂತ್ರಾಂಶ, ಅಪಾಚೆ 2.0 ಪರವಾನಗಿಯಿರುವುದರಿಂದ ತಾಲ್ಲೂಕಿನ ಕಾಲೇಜೂ ಕಾಸು ಕೊಡದೆ ಹಾಕಿಕೊಳ್ಳಬಹುದು. ರೈಸ್ ಸಂಪುಟದಲ್ಲಿ ಒಂದೇ ಶಾಸನದ ಕನ್ನಡ ಪಾಠ ಒಂದು ಕಡೆ, ರೋಮನ್ ಲಿಪಿಯದು ಇನ್ನೊಂದು ಕಡೆ, ಇಂಗ್ಲಿಷ್ ಅನುವಾದ ಮತ್ತೊಂದು ಕಡೆ. ಮೂರು ಬೆರಳು ಸಿಕ್ಕಿಸಿಕೊಂಡು ಓದಬೇಕು. ಮಿರಾಡೋರ್‌ನಲ್ಲಿ ಮೂರನ್ನೂ ಅಕ್ಕಪಕ್ಕ ತೆರೆಯಬಹುದು. ಬೇರೊಂದು ಗ್ರಂಥಾಲಯ ಅದೇ ಕಲ್ಲಿನ ಚಿತ್ರವನ್ನು ಇದೇ ಕಟ್ಟಳೆಯಲ್ಲಿ ಇಟ್ಟಿದ್ದರೆ ನಾಲ್ಕನೆಯದಾಗಿ ಅದೂ ಬಂದು ಕೂರುತ್ತದೆ. ಇಡದಿದ್ದರೆ ಮಿರಾಡೋರ್ ಏನೂ ಮಾಡಲಾರದು.

ಉಳಿಸು

ಎಚ್ಚರ ಬೇಕಾದ ಸಾಲು. ಮಿರಾಡೋರ್‌ನ 3ನೇ ಆವೃತ್ತಿಯಲ್ಲಿ ಟಿಪ್ಪಣಿ ಬರೆಯಲು ಪ್ಲಗಿನ್ ಬೇರೆ ಸೇರಿಸಬೇಕು. ಅದನ್ನು ಬ್ರೌಸರಿನಲ್ಲೇ ಉಳಿಸುವಂತೆ ಹೊಂದಿಸಿದ್ದರೆ ಬರೆದದ್ದು ಆ ಒಂದು ಕಂಪ್ಯೂಟರಿನಾಚೆ ಕಾಣದು. ಬ್ರೌಸರ್ ಸ್ವಚ್ಛ ಮಾಡಿದ ದಿನ ಕಟ್ಟೆಯ ಮಾತೂ ಹೋಯಿತು. ಟಿಪ್ಪಣಿಗೆಂದೇ ಒಂದು ಸರ್ವರ್ ಬೇಕು, ಅದನ್ನು ನೋಡಿಕೊಳ್ಳುವವರೂ ಬೇಕು. ಅಲ್ಲಿಯವರೆಗೆ ಟಿಪ್ಪಣಿಗಳ ಜೇಸನ್ ಕಡತವನ್ನು ಪೆನ್‌ಡ್ರೈವಿಗಾದರೂ ಇಳಿಸಿಕೊಳ್ಳಿ. ಅದರ ರಚನೆ 2017ರಲ್ಲಿ ಡಬ್ಲ್ಯು3ಸಿ ಗೊತ್ತುಮಾಡಿದ ಮಾನಕದ್ದಾದ್ದರಿಂದ, ಆ ಮಾನಕ ಬಲ್ಲ ಬೇರೆ ತಂತ್ರಾಂಶವೂ ಅದನ್ನು ಓದುತ್ತದೆ.