ಲಾರಿ ರಸೀದಿಯಲ್ಲಿ ಇಲ್ಲದ ಕಾಲಂ

ಬೆಂಗಳೂರಿನ ಚಾಮರಾಜಪೇಟೆಯಿಂದ ಕಲಾಸಿಪಾಳ್ಯದ ಕಡೆ ನಡೆದರೆ ಲಾರಿ ಆಫೀಸುಗಳು ಸಾಲಾಗಿ ಸಿಗುತ್ತವೆ. ತರಗುಪೇಟೆಯ ದಿನಸಿ, ಚಿಕ್ಕಪೇಟೆಯ ಬಟ್ಟೆ, ಬಸವನಗುಡಿಯ ಪ್ರಕಾಶಕರ ಪುಸ್ತಕದ ಬಂಡಲ್ಲು ಊರೂರಿಗೆ ಹೊರಡುವುದು ಇಂಥ ಕಡೆಗಳಿಂದಲೇ. ಸರಕು ಒಬ್ಬರದು, ಸಾಗಣೆ ಇನ್ನೊಬ್ಬರದು ಎಂಬ ಏರ್ಪಾಡು ಇಲ್ಲಿ ತಲೆಮಾರುಗಳಷ್ಟು ಹಳೆಯದು. ಈಗ ದೊಡ್ಡ ಕಂಪನಿಗಳು ಗೋಡೌನು, ಪ್ಯಾಕಿಂಗು, ಸಾಗಣೆ ಮೂರನ್ನೂ ಹೊರಗಿನವರಿಗೆ ವಹಿಸಿ ಅದನ್ನು ಥರ್ಡ್ ಪಾರ್ಟಿ ಲಾಜಿಸ್ಟಿಕ್ಸ್ ಎಂದು ಕರೆಯುತ್ತವೆ. ಈ ಸಂಬಂಧ ಬಾಳುವುದು ಯಾವುದರಿಂದ? ಪೇಟೆಯ ಹಿರಿಯರು ನಂಬಿಕೆ ಎನ್ನುತ್ತಾರೆ. ಕಂಪನಿಯ ಮ್ಯಾನೇಜರುಗಳು ಕರಾರು ಎನ್ನುತ್ತಾರೆ. ನನಗೆ ಎರಡೂ ಅರೆ ಉತ್ತರಗಳು. ಸರಕು ಕೆಟ್ಟರೆ, ಲಾರಿ ಕಾಯಬೇಕಾಗಿ ಬಂದರೆ, ಡೀಸೆಲ್ ಏರಿದರೆ ಆ ಹೊರೆ ಯಾರದು ಎಂಬುದು ಸರಕು ಲಾರಿ ಏರುವ ಮೊದಲೇ ಇತ್ಯರ್ಥವಾಗಿರಬೇಕು. ಬಾಡಿಗೆ ಎಷ್ಟು ಎಂಬುದು ಆಮೇಲಿನ ಮಾತು.

ಇದಕ್ಕೆ ಲಾರಿ ರಸೀದಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಆಫೀಸಿನವರ ಬಾಯಲ್ಲಿ ಅದು ಎಲ್‌ಆರ್. ಕಳಿಸುವವರು, ಪಡೆಯುವವರು, ನಗ (ಅಂದರೆ ಬಂಡಲ್ಲು, ಪೆಟ್ಟಿಗೆ) ಎಷ್ಟು, ತೂಕ ಎಷ್ಟು, ಬಾಡಿಗೆ, ಹಮಾಲಿ, ಹಣ ಈಗಲೋ ಸರಕು ಪಡೆಯುವವರು ಕೊಡುವ 'ಟು ಪೇ'ಯೋ, ಎಲ್ಲಕ್ಕೂ ಜಾಗವಿದೆ. ಎಷ್ಟೋ ರಸೀದಿಗಳಲ್ಲಿ 'ಓನರ್ಸ್ ರಿಸ್ಕ್', ಅಂದರೆ ಸರಕು ಕೆಟ್ಟರೆ ಹೊರೆ ಸರಕಿನವನದೇ, ಎಂದು ಸಣ್ಣಕ್ಷರದಲ್ಲಿ ಅಚ್ಚಾಗಿರುತ್ತದೆ. ಹೆಚ್ಚಿನವರು ಅದನ್ನು ಓದದೆಯೇ ಮಡಚಿ ಜೇಬಿಗೆ ಹಾಕುತ್ತಾರೆ. ಆದರೆ ಸಂಬಂಧದ ಹಣೆಬರಹ ಇರುವುದು ಅಲ್ಲೇ.

1865ರ ಕ್ಯಾರಿಯರ್ಸ್ ಕಾಯ್ದೆಯ ಜಾಗಕ್ಕೆ ಬಂದ 2007ರ ರಸ್ತೆ ಸಾಗಣೆ ಕಾಯ್ದೆ 2011ರಲ್ಲಿ ಜಾರಿಯಾಯಿತು. ಅದರ ಪ್ರಕಾರ ಸರಕು ಕೆಟ್ಟರೆ ಸಾಗಣೆದಾರನ ಅಜಾಗರೂಕತೆಯನ್ನು ಸರಕಿನವನು ಸಾಬೀತು ಮಾಡಬೇಕಿಲ್ಲ. ಇದು ದೊಡ್ಡ ರಕ್ಷಣೆ. ಆದರೆ ಹೆಚ್ಚಿನ ರಿಸ್ಕಿಗೆ ಹೆಚ್ಚಿನ ದರ ಕೊಡಲು ಒಪ್ಪಿರದಿದ್ದರೆ, ಪರಿಹಾರಕ್ಕೆ ಬಾಡಿಗೆಯ ಹತ್ತು ಪಟ್ಟು ಎಂಬ ಮಿತಿಯಿದೆ. 20,000 ರೂಪಾಯಿಯ ಪುಸ್ತಕದ ಬಂಡಲಿಗೆ 300 ರೂಪಾಯಿ ಬಾಡಿಗೆ ಎಂದಿಟ್ಟುಕೊಳ್ಳಿ. ಮಳೆನೀರು ನುಗ್ಗಿ ಅಷ್ಟೂ ಹಾಳಾದರೆ ಸಿಗುವುದು ಹೆಚ್ಚೆಂದರೆ 3,000. ಬುಕ್ ಮಾಡಿದ 180 ದಿನದೊಳಗೆ ಲಿಖಿತ ನೋಟಿಸು ಕೊಡದಿದ್ದರೆ ದಾವೆ ಹೂಡುವ ದಾರಿಯೂ ಮುಚ್ಚುತ್ತದೆ. ಬುಕಿಂಗ್ ಕಿಟಕಿಯಲ್ಲೇ ಇದನ್ನು ಬಾಯಿಬಿಟ್ಟು ಹೇಳುವ ಆಫೀಸಿಗೆ ಗಿರಾಕಿ ಮತ್ತೆ ಬರುತ್ತಾನೆ. ಮುಚ್ಚಿಟ್ಟ ಆಫೀಸು ಮೊದಲ ಡ್ಯಾಮೇಜಿಗೇ ಅವನನ್ನು ಕಳೆದುಕೊಳ್ಳುತ್ತದೆ.

ಹಾಗೆಂದು ಹಳೆಯ ಆಫೀಸುಗಳ ಗುಣವನ್ನು ಕಾಗದ ಕಲಿಸಲಾರದು. ಒಮ್ಮೆ ನಾನು ಪುಸ್ತಕದ ಬಂಡಲ್ಲು ಬುಕ್ ಮಾಡಲು ಅಂಥದೊಂದು ಆಫೀಸಿಗೆ ಹೋದಾಗ ಅಲ್ಲಿನ ಗುಮಾಸ್ತರು ಗಂಟನ್ನು ಬೆರಳಿನಿಂದ ಎಳೆದು ನೋಡಿ, "ಮೂಲೆಗೆ ರಟ್ಟು ಕೊಡಿ ಸಾರ್, ಹಗ್ಗ ಪುಸ್ತಕ ಕುಯ್ಯತ್ತೆ" ಎಂದು ವಾಪಸು ಕಳಿಸಿದರು. ಆ ಹೊತ್ತಿಗೆ ಅವರಿಗೆ ಬಾಡಿಗೆ ತಪ್ಪಿತು. ಸರಕಿನ ಸ್ವಭಾವ ಬಲ್ಲವನು, ಕೆಟ್ಟ ಸುದ್ದಿಯನ್ನು ಮೊದಲೇ ಹೇಳುವವನು ಎದುರಿಗಿದ್ದಾನೆ ಎಂಬ ಧೈರ್ಯ ಯಾವ ದಂಡದ ಷರತ್ತಿನಿಂದಲೂ ಬರುವುದಿಲ್ಲ.

ಆ ಧೈರ್ಯ ಕರಗುವುದು ಕೈ ಬದಲಾದಂತೆಲ್ಲ. ಕಂಪನಿ ಒಬ್ಬರಿಗೆ ಗುತ್ತಿಗೆ ಕೊಡುತ್ತದೆ, ಅವರು ಬ್ರೋಕರಿಗೆ ಹೇಳುತ್ತಾರೆ, ಬ್ರೋಕರು ಸಿಕ್ಕ ಲಾರಿ ಹಿಡಿಯುತ್ತಾನೆ. ಸರಕು ನಿಜವಾಗಿ ಯಾರ ಕೈಯಲ್ಲಿದೆ ಎಂಬುದು ಗುತ್ತಿಗೆ ಕೊಟ್ಟವರಿಗೇ ಗೊತ್ತಿರುವುದಿಲ್ಲ. ವಿಜಯ ಸಂಕೇಶ್ವರರು 1976ರಲ್ಲಿ ಗದಗದಲ್ಲಿ ಒಂದೇ ಲಾರಿಯಿಂದ ಶುರುಮಾಡಿದ ಉದ್ಯಮ ವಿಆರ್‌ಎಲ್ ಆಗಿ ಬೆಳೆದದ್ದು ಸ್ವಂತ ಲಾರಿಗಳ ದೊಡ್ಡ ಪಡೆಯ ಮೇಲೆ. ಸ್ವಂತ ಲಾರಿಗೆ ಬಂಡವಾಳ ಹೆಚ್ಚು ಬೇಕು, ನಿಜ. ಆದರೆ ಸರಕು ಎಲ್ಲಿ ಎಂದು ಕೇಳಿದಾಗ ಉತ್ತರ ಹೇಳಬೇಕಾದವರು ಆ ಲಾರಿಯ ಮಾಲೀಕರೇ. ನನ್ನ ಮಟ್ಟಿಗೆ ಇದು ಕಡಿಮೆ ದರಕ್ಕಿಂತ ಬೆಲೆಬಾಳುವ ಸಂಗತಿ.

ದರದ ವಿಷಯದಲ್ಲಿ ಟೆಂಡರು ಕರೆಯುವವರ ಹಟ ಅರ್ಥವಾಗುವುದಿಲ್ಲ. ಡೀಸೆಲ್ ಬೆಲೆ 2017ರ ಜೂನ್‌ನಿಂದ ದಿನವೂ ಪರಿಷ್ಕರಣೆಗೆ ಒಳಪಟ್ಟಿದೆ. ಕರ್ನಾಟಕದಲ್ಲಿ 2025ರ ಏಪ್ರಿಲ್ 1ರಂದು ಡೀಸೆಲ್ ಮೇಲಿನ ಮಾರಾಟ ತೆರಿಗೆ ಶೇ. 18.44ರಿಂದ 21.17ಕ್ಕೆ ಏರಿತು, ಎರಡು ವಾರದಲ್ಲೇ ಲಾರಿ ಮಾಲೀಕರು ಮುಷ್ಕರಕ್ಕೆ ಇಳಿದರು. ಹೀಗಿರುವಾಗ ವರ್ಷವಿಡೀ ಒಂದೇ ದರ ಎಂದು ಸಹಿ ಹಾಕಿಸಿಕೊಂಡರೆ ಗೆದ್ದಂತಲ್ಲ. ಗಿಟ್ಟದ ದರಕ್ಕೆ ಒಪ್ಪಿದವನು ಸಾಮರ್ಥ್ಯ ಮೀರಿ ಲೋಡ್ ತುಂಬುತ್ತಾನೆ, ಟೈರು ಬದಲಿಸುವುದನ್ನು ಮುಂದೂಡುತ್ತಾನೆ, ಹಬ್ಬದ ಸೀಸನ್ನಿನಲ್ಲಿ ಲಾರಿಯನ್ನು ಹೆಚ್ಚು ಕೊಡುವವರ ಕಡೆ ತಿರುಗಿಸುತ್ತಾನೆ. ಡೀಸೆಲ್ ಜತೆ ಬಾಡಿಗೆಯೂ ಏರಿಳಿಯಲಿ ಎಂದು ಒಂದು ಸಾಲು ಬರೆದುಕೊಳ್ಳುವುದು ಇಬ್ಬರಿಗೂ ಕ್ಷೇಮ.

ಇನ್ನು ಕಾಯುವಿಕೆ. ಹಳೆಯ ಪೇಟೆಯ ನಂಬಿಕೆಯನ್ನು ಹೊಗಳುವವರು ಮರೆಯುವುದು ಇದನ್ನೇ. ವರ್ತಕ ಮತ್ತು ಲಾರಿ ಆಫೀಸಿನ ನಡುವೆ ಜಗಳವಿಲ್ಲದೆ ವರ್ಷಗಳು ಕಳೆದಿದ್ದರೆ, ಆ ಸೌಹಾರ್ದದ ಖರ್ಚನ್ನು ಎಷ್ಟೋ ಸಲ ಡ್ರೈವರೂ ಹಮಾಲರೂ ಹೊತ್ತಿದ್ದಾರೆ. ನಗರದೊಳಗೆ ದೊಡ್ಡ ಲಾರಿಗಳಿಗೆ ಹೊತ್ತಿನ ನಿರ್ಬಂಧವಿದೆ. ಇಳಿಸಲು ಜಾಗ ಸಿಗುವುದು ತಡ. ಗೋಡೌನಿನ ಬೀಗ ತೆಗೆಯುವುದು ಇನ್ನೂ ತಡ. ನಗದ ಲೆಕ್ಕದಲ್ಲಿ ಕೂಲಿ ಪಡೆಯುವ ಹಮಾಲನಿಗೆ ಕಾದ ಹೊತ್ತಿಗೆ ಕಾಸಿಲ್ಲ. ದೊಡ್ಡ ಕರಾರುಗಳಲ್ಲಿ ಕಾಯಿಸಿದ್ದಕ್ಕೆ ಡಿಟೆನ್ಷನ್ ಚಾರ್ಜ್ ಎಂಬುದಿದ್ದರೂ ಅದು ಲಾರಿಗೆ, ಅದರ ಮಾಲೀಕನಿಗೆ. ಲಾರಿ ಬಂದದ್ದೆಷ್ಟು ಹೊತ್ತಿಗೆ, ಖಾಲಿಯಾದದ್ದೆಷ್ಟು ಹೊತ್ತಿಗೆ ಎಂಬ ಎರಡು ಕಾಲಂಗಳನ್ನು ಎಲ್‌ಆರ್‌ನಲ್ಲೇ ಅಚ್ಚು ಹಾಕಿಸಿ, ಸರಕು ಪಡೆಯುವವರಿಂದ ಸಹಿ ಮಾಡಿಸಿ, ಮಿತಿ ಮೀರಿದ ಪ್ರತಿ ಗಂಟೆಗೂ ತಡಮಾಡಿದವರಿಂದಲೇ ಡ್ರೈವರಿಗೂ ಹಮಾಲರಿಗೂ ಹಣ ಸಲ್ಲುವಂತೆ ಮಾಡಬೇಕು.