‘ನಿಮ್ಮ ಖುಷಿ ಸಾರ್’: ಗೈಡಿನ ಕೂಲಿ, ಗೈಡಿನ ಕತೆ

ಊರು ತೋರಿಸಿ ಮುಗಿಸಿದ ಗೈಡನ್ನು ‘ಎಷ್ಟು ಕೊಡಬೇಕು?’ ಎಂದು ಕೇಳಿದರೆ ಹಂಪಿಯಲ್ಲೂ ಹಳೇಬೀಡಿನಲ್ಲೂ ನನಗೆ ಸಿಕ್ಕಿರುವುದು ಒಂದೇ ಉತ್ತರ: ‘ನಿಮ್ಮ ಖುಷಿ ಸಾರ್.’ ವಿನಯದ ಮಾತು, ಆದರೆ ಕೇಳಿದವರಿಗೆ ಕಸಿವಿಸಿ. ನೂರು ಕೊಟ್ಟರೆ ಕಡಿಮೆಯಾಯಿತೇ? ಐನೂರು ಕೊಟ್ಟರೆ ಮೋಸಹೋದೆವೇ? ಪ್ರವಾಸಿ ಕೈಪಿಡಿಗಳು ಇದಕ್ಕೆ ಶೇಕಡಾ ಲೆಕ್ಕ ಹೇಳುತ್ತವೆ. ನನಗೆ ಅವುಗಳಿಗಿಂತ ಹೆಚ್ಚು ತಿಳಿಸಿಕೊಟ್ಟದ್ದು ಮೈಸೂರಿನ ಆರ್.ಕೆ. ನಾರಾಯಣ್ ಬರೆದ ಕಾದಂಬರಿ ‘ದಿ ಗೈಡ್’ (1958).

ನಾವು ಇದನ್ನು ಸಾಮಾನ್ಯವಾಗಿ ರಾಜು–ರೋಸಿಯರ ಪ್ರೇಮಕತೆಯಾಗಿ ಓದುತ್ತೇವೆ, ಇಲ್ಲವೇ ಕಪಟಿಯೊಬ್ಬ ಸಂತನಾಗುವ ಕತೆಯಾಗಿ. ಈ ಸಲ ನಾನು ದುಡ್ಡಿನ ಮಾತು ಬರುವ ಕಡೆಗಳಲ್ಲೆಲ್ಲ ಗುರುತು ಹಾಕಿಕೊಂಡು ಓದಿದೆ.

ಮಾಲ್ಗುಡಿ ಸ್ಟೇಷನ್ನಿನಲ್ಲಿ ಅಂಗಡಿ ಇಟ್ಟುಕೊಂಡಿದ್ದ ರಾಜುವನ್ನು ಗೈಡಾಗಿ ಯಾರೂ ನೇಮಿಸಲಿಲ್ಲ. ಬಂದವರು ದಾರಿ ಕೇಳಿದರು, ಇವನು ಹೇಳಿದ. ‘ಗೊತ್ತಿಲ್ಲ’ ಎಂಬ ಮಾತು ಅವನ ಬಾಯಲ್ಲಿ ಬರುವುದೇ ಇಲ್ಲ. ರೈಲಿಳಿದವರನ್ನು ನೋಡಿದ ಕೂಡಲೇ ಅಳೆದುಬಿಡುತ್ತಾನೆ. ಒಂದು ಸ್ಮಾರಕಕ್ಕೆ ಎಷ್ಟು ವಯಸ್ಸು ಎಂಬುದು ಅವನ ಆ ಹೊತ್ತಿನ ಲಹರಿಯನ್ನೂ ಜೊತೆಗಿರುವ ಗಿರಾಕಿಯನ್ನೂ ನೋಡಿಕೊಂಡು ತೀರ್ಮಾನವಾಗುತ್ತದೆ. ಇದು ರಾಜುವಿನ ಸ್ವಭಾವ ಎಂಬಂತೆ ಕಾದಂಬರಿ ಹೇಳುತ್ತದೆ. ರಾಜು ಕೂಡ ಹಾಗೇ ನಂಬಿದ್ದಾನೆ. ನನ್ನ ತಕರಾರು ಇರುವುದು ಇಲ್ಲೇ. ಕೇಳುವವರ ಖುಷಿಯೇ ಸಂಬಳವಾದ ಮೇಲೆ ಅವರಿಗೆ ಹಿಡಿಸುವ ಚರಿತ್ರೆಯನ್ನೇ ಹೇಳುವುದಕ್ಕೆ ಸ್ವಭಾವವನ್ನು ದೂರಿ ಫಲವಿಲ್ಲ. ಆ ಕಸುಬು ನಡೆಯುವುದೇ ಹಾಗೆ.

ಬೇಲೂರಿಗೆ ಹೋದವರಿಗೆ ಇದು ಗೊತ್ತಿರುತ್ತದೆ. ಅಲ್ಲಿ ಜಕಣಾಚಾರಿಯ ಕತೆ ಬಂದೇ ಬರುತ್ತದೆ: ಡಂಕಣ ವಿಗ್ರಹದಲ್ಲಿ ದೋಷ ತೋರಿಸಿದ್ದು, ಕಲ್ಲಿನೊಳಗಿಂದ ಕಪ್ಪೆ ಹೊರಬಿದ್ದದ್ದು, ತಂದೆ ತನ್ನ ಕೈಯನ್ನೇ ಕಡಿದುಕೊಂಡದ್ದು. ಆದರೆ ಅಲ್ಲಿನ ಶಿಲ್ಪಗಳ ಮೇಲಿರುವ ಹೆಸರು ಜಕಣನದಲ್ಲ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದವರದು. ಮದನಿಕೆಯರ ಪೀಠದಲ್ಲಿ ಆ ಹೆಸರುಗಳನ್ನು ಕೆತ್ತಿದ್ದಾರೆ. ಒಮ್ಮೆ ಅಲ್ಲಿ ಒಂದು ಗುಂಪಿನ ಹಿಂದೆ ನಿಂತು ಕೇಳುತ್ತಿದ್ದೆ. ಕಪ್ಪೆಯ ಕತೆ ಶುರುವಾದೊಡನೆ ಎಲ್ಲರ ಮೊಬೈಲೂ ಮೇಲೆದ್ದವು. ಆಮೇಲೆ ಅದೇ ಗೈಡು ಒಂದು ಮದನಿಕೆಯ ಕಾಲಡಿಯ ಅಕ್ಷರಗಳನ್ನು ತೋರಿಸಿ, ‘ಇದು ಮಾಡಿದವನ ಹೆಸರು’ ಎಂದರು. ಯಾರೂ ನಿಲ್ಲಲಿಲ್ಲ. ಕೊನೆಗೆ ನೋಟುಗಳು ಬಂದದ್ದು ಕಪ್ಪೆಗೆ, ದಾಸೋಜನಿಗಲ್ಲ. ಮುಂದಿನ ಗುಂಪಿಗೆ ಅವರು ಆ ಅಕ್ಷರಗಳನ್ನು ಯಾಕಾದರೂ ತೋರಿಸಬೇಕು? ನಾವು ಕೊಡುವ ಭಕ್ಷೀಸು ಒಂದು ಬಗೆಯ ವಿಮರ್ಶೆ; ಯಾವ ಕತೆ ಉಳಿಯಬೇಕು, ಯಾವುದು ಅಳಿಯಬೇಕು ಎಂದು ಅದು ದಿನದಿನವೂ ಹೇಳುತ್ತಿರುತ್ತದೆ.

ಹಾಗಾದರೆ ಲೆಕ್ಕ ಚೊಕ್ಕವಾಗಿದ್ದರೆ ಸಾಕೇ? ಅದನ್ನು ನೋಡಲು ಕಾದಂಬರಿಯಲ್ಲಿ ಮಾರ್ಕೋ ಇದ್ದಾನೆ. ಗುಹೆಯ ಚಿತ್ರಗಳ ಹಿಂದೆ ಬಿದ್ದ ಈ ವಿದ್ವಾಂಸ ಖರ್ಚಿಗೆ ಹಿಂದೆಮುಂದೆ ನೋಡುವವನಲ್ಲ. ವೋಚರ್ ಒಂದಿದ್ದರೆ ಆಯಿತು. ಅವನೊಡನೆ ರಾಜುವಿಗೆ ದುಡ್ಡಿನ ಕಸಿವಿಸಿ ಇಲ್ಲ. ಆದರೆ ಅವನಿಗೆ ಎದುರಿಗಿರುವ ಮನುಷ್ಯರು ಕಾಣುವುದಿಲ್ಲ, ಹೆಂಡತಿಯೂ ಕಾಣುವುದಿಲ್ಲ. ಇಷ್ಟಾಗಿಯೂ, ಇದೇ ರಾಜುವಿನಿಂದ ತನ್ನ ಸಂಸಾರ ಒಡೆದ ಮೇಲೆ ಪ್ರಕಟವಾದ ಗ್ರಂಥದಲ್ಲಿ, ಮಾಲ್ಗುಡಿ ರೈಲ್ವೆ ಸ್ಟೇಷನ್ನಿನ ರಾಜುವಿನ ನೆರವಿಗೆ ತಾನು ಋಣಿ ಎಂದು ಅಚ್ಚು ಹಾಕಿಸುತ್ತಾನೆ. ಇಡೀ ಕಾದಂಬರಿಯಲ್ಲಿ ಗೈಡಿಗೆ ಸಿಗುವ ಅತಿ ದೊಡ್ಡ ಭಕ್ಷೀಸು ಇದೇ. ರಾಜು ಆ ಪುಸ್ತಕವನ್ನು ರೋಸಿಯ ಕಣ್ಣಿಗೆ ಬೀಳದಂತೆ ಬಚ್ಚಿಡುತ್ತಾನೆ.

ಕನ್ನಡದಲ್ಲಿ ಈ ಕೊಡುವಿಕೆಗೆ ಬೇರೆ ಬೇರೆ ಹೆಸರುಗಳಿವೆ. ದುಡಿಮೆಗೆ ಕೊಡುವುದು ಕೂಲಿ. ಮೇಲಿನವರು ಕೆಳಗಿನವರಿಗೆ ಮೆಚ್ಚಿ ಕೊಡುವುದು ಭಕ್ಷೀಸು. ವಿದ್ವಾಂಸರಿಗೆ ಗೌರವದಿಂದ ಕೊಡುವುದು ಸಂಭಾವನೆ. ಹೊಯ್ಸಳ ಶಿಲ್ಪದ ಬಗ್ಗೆ ಸಭಾಂಗಣದಲ್ಲಿ ಒಂದು ಗಂಟೆ ಮಾತಾಡಿದವರಿಗೆ ಲಕೋಟೆಯಲ್ಲಿಟ್ಟು ಸಂಭಾವನೆ ಕೊಡುತ್ತೇವೆ. ಬಿಸಿಲಲ್ಲಿ ನಿಂತು ಎರಡು ಗಂಟೆ ಅದನ್ನೇ ಹೇಳಿದವರಿಗೆ ಜೇಬಿನಲ್ಲಿ ಚಿಲ್ಲರೆ ಹುಡುಕುತ್ತೇವೆ. ಶಿಷ್ಟಾಚಾರದ ಪ್ರಶ್ನೆ ಏಳುವುದು ಮೊತ್ತದಿಂದಲ್ಲ, ಈ ಹೆಸರುಗಳನ್ನು ನಾವು ಕಲಸಿಬಿಟ್ಟಿರುವುದರಿಂದ.

ಹೊರಡುವ ಮೊದಲೇ ದರ ಕೇಳಬೇಕು. ಅದು ಕೂಲಿ, ಪೂರ್ತಿ ಸಲ್ಲಬೇಕು. ಚೌಕಾಸಿ ಮಾಡಿ ಮುರಿದುಕೊಂಡ ನೂರು ರೂಪಾಯಿಯನ್ನೇ ಕೊನೆಗೆ ಭಕ್ಷೀಸೆಂದು ಕೊಡುವುದು ಔದಾರ್ಯವಲ್ಲ. ಯುರೋಪಿನ ಊರುಗಳಲ್ಲಿ ‘ಉಚಿತ’ ಎಂದು ಕರೆಯುವ ನಡಿಗೆ ಪ್ರವಾಸಗಳಲ್ಲಿ ಗೈಡಿನ ಸಂಪಾದನೆ ಬಹುಪಾಲು ಕೊನೆಯಲ್ಲಿ ನಾವು ಕೈಗಿಡುವ ಹಣವೇ; ಆದ್ದರಿಂದ ಅಲ್ಲಿ ಅದೂ ಕೂಲಿಯೇ. ಕೂಲಿಯ ಮೇಲೆ ಏನಾದರೂ ಕೊಡುವುದಾದರೆ ಯಾವುದಕ್ಕೆ ಎಂದು ಹೇಳಿ ಕೊಡಬೇಕು: ‘ಆ ಹೆಸರು ತೋರಿಸಿದಿರಲ್ಲ, ಅದಕ್ಕೆ.’ ‘ಇದು ನನಗೆ ಗೊತ್ತಿಲ್ಲ ಸಾರ್’ ಎಂದವರಿಗೆ ಇನ್ನೂ ಸ್ವಲ್ಪ ಹೆಚ್ಚಾಗಿ.

ಜೈಲಿನಿಂದ ಹೊರಬಂದ ರಾಜುವನ್ನು ಮಂಗಲ ಎಂಬ ಹಳ್ಳಿಯವರು ಸ್ವಾಮಿ ಎಂದುಕೊಂಡು ಊಟ, ಹಣ್ಣು ತಂದುಕೊಡುತ್ತಾರೆ. ಭಕ್ಷೀಸು ಈಗ ಕಾಣಿಕೆಯಾಗಿದೆ, ಅಷ್ಟೇ. ಅವನು ಈಗಲೂ ಅವರಿಗೆ ಬೇಕಾದ ಮಾತನ್ನೇ ಆಡುತ್ತಾನೆ. ಮಳೆಗಾಗಿ ಉಪವಾಸ ಕೂರಬೇಕಾಗಿ ಬಂದಾಗ ಮಾತ್ರ ಈ ವ್ಯವಹಾರ ನಿಲ್ಲುತ್ತದೆ. ತನಗೇನೂ ಲಾಭವಿಲ್ಲದ ಕೆಲಸವೊಂದನ್ನು ಮೊದಲ ಸಲ ಮನಸ್ಸಿಟ್ಟು ಮಾಡುತ್ತಿದ್ದೇನೆ ಎಂದು ಅವನಿಗೆ ಅನ್ನಿಸುತ್ತದೆ. ಇದನ್ನು ಆತ್ಮದ ಪರಿವರ್ತನೆ ಎಂದು ಓದುವವರ ಜೊತೆ ನನಗೆ ಜಗಳವಿಲ್ಲ. ಆದರೆ ನನಗೆ ಅದರಲ್ಲಿ ಒಂದು ಕ್ರೌರ್ಯವೂ ಕಾಣುತ್ತದೆ. ಪ್ರಾಮಾಣಿಕನಾಗಲು ಆ ಗೈಡು ಅನ್ನವನ್ನೇ ಬಿಡಬೇಕಾಯಿತು. ಬೇಲೂರಿನ ಬಿಸಿಲಲ್ಲಿ ನಿಂತಿರುವವರು ನಿಜ ಹೇಳಿಯೂ ಹೊಟ್ಟೆ ತುಂಬಿಸಿಕೊಳ್ಳುವಂತಾಗಬೇಕು. ಅಷ್ಟರಮಟ್ಟಿಗೆ ಅದು ಅವರ ಕೈಯಲ್ಲಿಲ್ಲ, ನಮ್ಮ ಕೈಯಲ್ಲಿದೆ.