ಜಾಲಂದರದ ಗಾಳಿ

ತಾಳಿಕೋಟೆಯ ನಮ್ಮ ಮಾಳಿಗೆ ಮನೆಯ ಪಡಸಾಲೆಯ ಸೂರಿನಲ್ಲಿ ಎರಡು ಗವಾಕ್ಷಿಗಳಿದ್ದವು. ಆಯಿ ಹಾಸಿಗೆ ಹಿಡಿದ ಚಳಿಗಾಲದಲ್ಲಿ, ಬೆಳಗಿನ ಹೊತ್ತು ಆ ಕಿಂಡಿಯಿಂದ ರೊಟ್ಟಿಯಗಲದ ಬಿಸಿಲು ಫರಸಿ ಕಲ್ಲಿನ ಮೇಲೆ ಬೀಳುತ್ತಿತ್ತು. ನುಣ್ಣಗೆ ಸವೆದ, ನೀಲಿ ಬೂದು ಬಣ್ಣದ ನಮ್ಮೂರ ಕಲ್ಲು. ಬಿಸಿಲು ಬಿದ್ದ ಕಡೆ ಅದು ಎಣ್ಣೆ ಸವರಿದಂತೆ ಮಿಂಚುತ್ತಿತ್ತು. ಗಳಿಗೆಗೊಮ್ಮೆ ಆಯಿಯ ದನಿ ಕೇಳುತ್ತಿತ್ತು: "ಹೊರಸು ಒಂದೀಟು ಈಕಡೆ ಸರಸೋ ತಮ್ಮಾ, ಬೆಳಕ ಸರದೈತಿ." ನಾನು ಸರಿಸುತ್ತಿದ್ದೆ. ಅವಳು ಅಂಗಾತ ಮಲಗಿ, ತೊಲೆ ಜಂತಿಗಳ ನಡುವಿನ ಆ ತುಂಡು ಆಕಾಶವನ್ನು ನೋಡುತ್ತಿದ್ದಳು.

ಗಟ್ಟಿಮುಟ್ಟಾಗಿ ಓಡಾಡುವವರು ಮನೆಯ ಗೋಡೆ ನೋಡುತ್ತಾರೆ, ಮಲಗಿದವರು ಸೂರು ನೋಡುತ್ತಾರೆ. ಆಸ್ಪತ್ರೆ ಕಟ್ಟುವವರ ಕಲೆಯೆಲ್ಲ ಇಲ್ಲಿಂದಲೇ ಹುಟ್ಟಬೇಕು ಎಂಬುದು ನನ್ನ ನಂಬಿಕೆ. ಈ ಕಲೆಯ ರುಚಿ ನನಗೆ ಹತ್ತಿಸಿದವರು ಲಾರಿ ಬೇಕರ್.

ಅವರನ್ನು ಕಡಿಮೆ ಖರ್ಚಿನ ಮನೆಗಳ ವಾಸ್ತುಶಿಲ್ಪಿ ಎಂದೇ ಲೋಕ ಬಲ್ಲದು. ನನಗೆ ಪ್ರಿಯವಾದದ್ದು ಅದಕ್ಕೂ ಹಿಂದಿನ ಬೇಕರ್, ರೋಗಿಗಳ ನಡುವೆ ಕೆಲಸ ಕಲಿತ ಬೇಕರ್. 1917ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿ, ಅಲ್ಲೇ ವಾಸ್ತುಶಿಲ್ಪ ಓದಿದವರು. ಮಹಾಯುದ್ಧದ ಕಾಲಕ್ಕೆ ಕ್ವೇಕರ್ ಆಂಬುಲೆನ್ಸ್ ದಳದೊಂದಿಗೆ ಚೀನಾಕ್ಕೆ ಹೋಗಿ ಕುಷ್ಠರೋಗಿಗಳ ಆರೈಕೆ ಮಾಡಿದರು. ಊರಿಗೆ ಮರಳುವ ದಾರಿಯಲ್ಲಿ ಹಡಗಿಗಾಗಿ ಮುಂಬಯಿಯಲ್ಲಿ ಕಾಯುತ್ತಿದ್ದಾಗ ಗಾಂಧೀಜಿಯ ಭೇಟಿಯಾಯಿತು. ಬೇಕರ್ ತೊಟ್ಟಿದ್ದ, ಚಿಂದಿ ಬಟ್ಟೆಯಲ್ಲಿ ಹೊಲಿದ ಜೋಡುಗಳ ಮೇಲೆ ಗಾಂಧೀಜಿಯ ಕಣ್ಣು ಬಿತ್ತಂತೆ. ಅಲ್ಲಿಂದ ಮಾತು ಬೆಳೆಯಿತು. ಐದು ಮೈಲಿಯೊಳಗೆ ಸಿಗುವ ಸಾಮಗ್ರಿಯಿಂದಲೇ ಮನೆ ಕಟ್ಟಬೇಕೆಂಬ ಗಾಂಧೀಜಿಯ ವಿಚಾರ ಅವರ ಮನಸ್ಸಿನಲ್ಲಿ ಜೀವನಪೂರ್ತಿ ಉಳಿಯಿತು.

1945ರಲ್ಲಿ ಅವರು ಭಾರತಕ್ಕೆ ಬಂದದ್ದೇ ಕುಷ್ಠರೋಗಿಗಳ ಮಿಷನ್ನಿನ ವಾಸ್ತುಶಿಲ್ಪಿಯಾಗಿ. ಅವರಿಗೆ ಒಪ್ಪಿಸಿದ ಕೆಲಸವನ್ನು ನೆನೆದಾಗಲೆಲ್ಲ ನನ್ನ ಮೈ ಝುಂ ಎನ್ನುತ್ತದೆ. ಆ ಹೊತ್ತಿಗೆ ಕುಷ್ಠಕ್ಕೆ ಸಲ್ಫೋನ್ ಔಷಧಗಳು ಬರತೊಡಗಿದ್ದವು, ರೋಗಿಗಳು ವಾಸಿಯಾಗತೊಡಗಿದ್ದರು. ಊರಾಚೆ ಜನರನ್ನು ಸಾಯುವತನಕ ಇರಿಸಲೆಂದು ಕಟ್ಟಿದ ಆಶ್ರಯಗಳನ್ನು ಈಗ ಗುಣಪಡಿಸಿ ಕಳಿಸುವ ಆಸ್ಪತ್ರೆಗಳನ್ನಾಗಿ ಮಾಡಬೇಕಿತ್ತು. ಒಳಗೆ ಬಂದವನು ಹೊರಗೆ ಹೋಗುತ್ತಾನೆ ಎಂಬ ಎಣಿಕೆಯಿಂದ ಕಟ್ಟುವ ಬಾಗಿಲಿಗೆ ಬೇರೆಯೇ ಒಂದು ಗೌರವವಿದೆ. ಹೊಸಿಲು, ಮೆಟ್ಟಿಲು, ಅಂಗಳ ಎಲ್ಲವನ್ನೂ ಎದ್ದು ನಡೆಯಲಿರುವ ಮನುಷ್ಯನಿಗಾಗಿ ಮತ್ತೆ ಯೋಚಿಸಬೇಕು. ಒಬ್ಬ ವಾಸ್ತುಶಿಲ್ಪಿಯ ವೃತ್ತಿಗೆ ಇದಕ್ಕಿಂತ ಸೊಗಸಾದ ಆರಂಭ ನನಗೆ ಹೊಳೆಯುವುದಿಲ್ಲ.

1948ರಲ್ಲಿ ವೈದ್ಯೆ ಎಲಿಜಬೆತ್ ಅವರನ್ನು ಮದುವೆಯಾಗಿ ಹಿಮಾಲಯದ ಪಿಥೋರಾಗಡಕ್ಕೆ ಹೋದರು. ಬಂದವಳು ಡಾಕ್ಟರು ಎಂದು ತಿಳಿದದ್ದೇ ಬೆಟ್ಟದ ಜನ ಬಾಗಿಲಿಗೆ ಬಂದರು. ವಿಹಾರಕ್ಕೆ ಹೋದವರು ಹದಿನೈದು ವರ್ಷ ಅಲ್ಲೇ ಉಳಿದರು. ಆಸ್ಪತ್ರೆ ಎದ್ದಿತು, ಶಾಲೆಗಳು ಎದ್ದವು. ಹೆಂಡತಿ ರೋಗಿಗಳನ್ನು ನೋಡಿದರೆ, ಗಂಡ ಔಷಧೋಪಚಾರಕ್ಕೂ ಕೈ ಕೊಡುತ್ತಿದ್ದರು, ಗೋಡೆಗೂ ಕಲ್ಲು ಇಡಿಸುತ್ತಿದ್ದರು. ಇಂಗ್ಲೆಂಡಿನಲ್ಲಿ ಕಲಿತ ವಿದ್ಯೆಗೆ ಮಣ್ಣು, ಸಗಣಿ, ಬೆಟ್ಟದ ಕಲ್ಲು ಗೊತ್ತಿರಲಿಲ್ಲ. ಅಲ್ಲಿನ ಗೌಂಡಿಗಳ ಪಕ್ಕ ಕೂತು, ಕೈ ನೋಡಿ ಕಲಿತರು. ಆಮೇಲೆ ಕೇರಳದ ವಾಗಮಣ್‌ನಲ್ಲೂ ಗಂಡಹೆಂಡಿರು ಒಂದು ಆಸ್ಪತ್ರೆ ನಡೆಸಿದರು. ತಿರುವನಂತಪುರಕ್ಕೆ ಇಳಿದು ಹೆಸರಾದದ್ದು ಅದರ ನಂತರವೇ.

ಅಲ್ಲಿನ ಉಳ್ಳೂರಿನ ಗುಡ್ಡದ ಮೇಲೆ, 1970ರ ದಶಕದಲ್ಲಿ ಅವರು ಕಟ್ಟಿದ ಅಭಿವೃದ್ಧಿ ಅಧ್ಯಯನ ಕೇಂದ್ರವನ್ನು ನಾನು ಮಳೆ ನಿಂತ ಒಂದು ಬೆಳಿಗ್ಗೆ ನೋಡಿದೆ. ಆಸ್ಪತ್ರೆಯಲ್ಲ, ಓದುವವರ ತಾಣ. ಆದರೆ ಅದರ ಗೋಡೆಗಳಿಗೆ ರೋಗಿಯ ಪಕ್ಕ ಕೂತವನ ತಾಳ್ಮೆಯಿದೆ. ಗಿಲಾವು ಇಲ್ಲದ ಇಟ್ಟಿಗೆ, ಹದವಾಗಿ ಬೆಂದ ಕೆಂಪು, ಅಲ್ಲಲ್ಲಿ ಭಟ್ಟಿಯ ಕಪ್ಪು ನೆರಳು. ಇಟ್ಟಿಗೆ ಇಟ್ಟಿಗೆಯ ನಡುವೆ ಕಿಂಡಿ ಬಿಟ್ಟು ಹೆಣೆದ ಜಾಲಂದರ. ಅಂಗೈಯನ್ನು ಒಂದು ಕಿಂಡಿಗೆ ಹಿಡಿದೆ. ಮೊದಲು ಏನೂ ಇಲ್ಲ. ಆಮೇಲೆ, ಬಾವಿಯ ನೀರಿನಷ್ಟು ತಣ್ಣಗೆ, ತೆಳ್ಳಗೆ, ಗಾಳಿ ಬಂದು ಬೆರಳುಗಳ ಸಂದಿಯಲ್ಲಿ ಹಾದುಹೋಯಿತು. ಕಣ್ಣು ಚುಚ್ಚುವ ಬೆಳಕನ್ನು ಆ ಗೋಡೆ ಹೊರಗೇ ಒಡೆದು, ಪುಡಿಮಾಡಿ, ಸಣ್ಣ ಸಣ್ಣ ಚೌಕಗಳಾಗಿ ಒಳಗೆ ಬಿಡುತ್ತದೆ.

ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ, ನಡುವೆ ಟೊಳ್ಳು ಬಿಟ್ಟು ಕಟ್ಟುವ 'ರ್‍ಯಾಟ್ ಟ್ರ್ಯಾಪ್' ಗೋಡೆಯೂ ಅವರಿಗೆ ಪ್ರಿಯವಾಗಿತ್ತು. ಇಟ್ಟಿಗೆಯಲ್ಲಿ ಸುಮಾರು ಕಾಲುಭಾಗ ಉಳಿತಾಯ, ಟೊಳ್ಳಿನ ಗಾಳಿಯಿಂದ ಒಳಗೆ ತಂಪು. ಇನ್ನು ಅವರ ಸೂರು! ಸ್ಲ್ಯಾಬಿನ ಅಡಿಭಾಗದಲ್ಲಿ ಕಾಂಕ್ರೀಟಿಗೆ ಹೊರೆ ಹೊರುವ ಕೆಲಸವೇನೂ ಇರುವುದಿಲ್ಲ. ಅಲ್ಲಿ ಅದರ ಬದಲು ಹಳೆಯ ಮಂಗಳೂರು ಹೆಂಚುಗಳನ್ನು ಹೂತು ಎರಕ ಹೊಯ್ಯುತ್ತಾರೆ. ಸಿಮೆಂಟು ಕಡಿಮೆ, ಭಾರ ಕಡಿಮೆ. ಅಡಿಯಲ್ಲಿ ಮಲಗಿ ನೋಡಿದರೆ ಸಾಲುಸಾಲು ಕೆಂಪು ಹೆಂಚಿನ ಬೆನ್ನು. ಒಂದು ಜ್ವರದ ಮಧ್ಯಾಹ್ನವನ್ನೆಲ್ಲ ಆ ಸಾಲು ಎಣಿಸುತ್ತ ಕಳೆಯಬಹುದು.

ಜಾಲಂದರದ ಸುಖ ನಮ್ಮ ಕಡೆಯವರಿಗೆ ಹೊಸದಲ್ಲ. ವಿಜಯಪುರದ ಇಬ್ರಾಹಿಂ ರೋಜಾದಲ್ಲಿ ವಾಸ್ತುಶಿಲ್ಪಿ ಮಲಿಕ್ ಸಂದಲ್ ಕಾಲದ ಕುಶಲಿಗಳು ಕಿಟಕಿಯ ಕಲ್ಲನ್ನೇ ಅಕ್ಷರಗಳಾಗಿ ಕೊರೆದಿದ್ದಾರೆ. ಅಲ್ಲಿ ಬೆಳಕು ಓದಿಕೊಂಡು ಒಳಗೆ ಬರುತ್ತದೆ. ಆ ರೋಜಾದಲ್ಲಿ ಮಲಗಿರುವ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನದಲ್ಲಿದ್ದ ಇತಿಹಾಸಕಾರ ಫಿರಿಶ್ತಾ ವೈದ್ಯಶಾಸ್ತ್ರದ ಮೇಲೂ ಗ್ರಂಥ ಬರೆದವನು. ಬಹಮನಿ ಅರಸ ಎರಡನೆಯ ಅಲ್ಲಾವುದ್ದೀನ್ ಅಹಮದ್ 15ನೆಯ ಶತಮಾನದಲ್ಲಿ ಬೀದರಿನಲ್ಲಿ ಕಟ್ಟಿಸಿದ ಆಸ್ಪತ್ರೆಯ ಸಂಗತಿಯನ್ನು ದಾಖಲಿಸಿದವನೂ ಅವನೇ. ಔಷಧಿಗೂ ಊಟಕ್ಕೂ ಜಮೀನು ಉಂಬಳಿ, ಹಿಂದೂ ಮುಸ್ಲಿಂ ವೈದ್ಯರಿಬ್ಬರೂ ಅಲ್ಲಿ. ಅದರ ಕಿಟಕಿಗಳು ಎಂಥವಿದ್ದಾವು ಎಂದು ಊಹಿಸುತ್ತ ಕೂರುವುದು ನನಗೊಂದು ದೊಡ್ಡ ಸುಖ.

ಬೇಕರ್ ನಮ್ಮ ಡೋಣಿ ಸೀಮೆಯಲ್ಲಿ ಒಂದು ಆಸ್ಪತ್ರೆ ಕಟ್ಟಿದ್ದರೆ? ಪದರಪದರವಾಗಿ ಏಳುವ ನಮ್ಮ ಸುಣ್ಣಗಲ್ಲನ್ನು ಉಳಿಯ ಗುರುತು ಅಳಿಸದೆ ಗೋಡೆಗೆ ಬಳಸುತ್ತಿದ್ದರು. ಸವೆದ ಫರಸಿಯನ್ನು ಹೊಸದಕ್ಕಿಂತ ಪ್ರೀತಿಯಿಂದ ನೆಲಕ್ಕೆ ಹಾಸುತ್ತಿದ್ದರು. ಸೂರಿನಲ್ಲಿ ಗವಾಕ್ಷಿಯನ್ನಂತೂ ಬಿಡುತ್ತಿರಲಿಲ್ಲ.

ಉಳ್ಳೂರಿನಲ್ಲಿ ಅವತ್ತು ಬಹಳ ಹೊತ್ತು ಜಾಲಂದರದ ಪಕ್ಕದ ಕಟ್ಟೆಯ ಮೇಲೆ ಕೂತಿದ್ದೆ. ಮೋಡ ಸರಿದು ಬಿಸಿಲು ಬಂತು. ಬೆಳಕಿನ ಚೌಕಗಳು ಮೊಣಕಾಲ ಮೇಲೆ ಬಿದ್ದವು, ಬೆಚ್ಚಗಾಯಿತು, ಮೆಲ್ಲಗೆ ಜಾರಿ ಆಚೆ ಹೋದವು. ನಾನೂ ಒಂದೀಟು ಆಚೆ ಸರಿದು ಕೂತೆ.